ಬಾಗಿಲು ತಟ್ಟದೆ ಬಂದ ಬೀಗರು

ಬುರುಗಣ್ಣನ ನಾಲಿಗೆಗೆ ಯಾವ ಮೀಟರಿನ ಹಂಗೂ ಇರಲಿಲ್ಲ. ಅವನ ಸೋಡಾ ಕಾರ್ಖಾನೆ ದೊಡ್ಡದೇನಲ್ಲ. ಮನೆಯ ಕೆಳಗಿನ ಎರಡು ಕೋಣೆ. ಒಂದರಲ್ಲಿ ಬಾಟಲಿ ತೊಳೆಯುವ ತೊಟ್ಟಿ, ಇನ್ನೊಂದರಲ್ಲಿ ಗ್ಯಾಸು ತುಂಬುವ ಯಂತ್ರ, ಪಕ್ಕದಲ್ಲಿ ಸರಪಳಿ ಬಿಗಿಸಿಕೊಂಡು ನಿಂತ ಸಿಲಿಂಡರು. ಯಂತ್ರದ ನೆತ್ತಿಯ ಮೇಲೆ ಒತ್ತಡ ತೋರಿಸುವ ಮುಳ್ಳೊಂದಿತ್ತು. ಗಾಜಿನ ಮೇಲೆ ಧೂಳು ಕೂತು ಕೂತು ಆ ಮುಳ್ಳು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಬೆಳಗಿನ ಮೊದಲ ಬಾಟಲಿ ಬಿಚ್ಚಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಚೂರು ತಿರುಗಿಸು" ಅಂತಲೋ "ಸಾಕು ಬಿಡು" ಅಂತಲೋ ಬುರುಗಣ್ಣ ಅಪ್ಪಣೆ ಕೊಟ್ಟ ಮೇಲೇ ಅವನ ಭಾವಮೈದ ಉಳಿದ ಬಾಟಲಿಗಳಿಗೆ ಕೈ ಹಾಕುತ್ತಿದ್ದ.

ಇಂಥ ಬುರುಗಣ್ಣನಿಗೆ ಹರೆಯದಿಂದಲೂ ಅಂಟಿಕೊಂಡು ಬಂದದ್ದು ಅರೆತಲೆನೋವು. ಮನೆಯಲ್ಲಿ ಅದನ್ನು ತಲೆನೋವು ಅನ್ನುತ್ತಿರಲಿಲ್ಲ, "ಬೀಗರು" ಅನ್ನುತ್ತಿದ್ದರು. ಹೆಸರಿಟ್ಟವಳು ಅವನ ತಾಯಿ. ಅವಳ ಮಗಳ ಮಾವ ಒಬ್ಬರಿದ್ದರು. ಬಂದರೆ ಮುಖ ಊದಿಸಿಕೊಂಡು ಕೂರುವರು, ದೀಪ ಹಾಕಿದರೆ ಸಿಡುಕುವರು, ಮಾತಾಡಿದರೆ ಗದರುವರು, ಇಟ್ಟದ್ದನ್ನು ಮುಟ್ಟದೆ ಮಾರನೆಯ ದಿನ ಎದ್ದು ಹೋಗುವರು. ಮಗನ ತಲೆನೋವಿಗೂ ಅದೇ ಗುಣ. ಆದರೆ ಒಂದು ಒಳ್ಳೆಯ ಬುದ್ಧಿಯಿತ್ತು, ಹೇಳದೆ ಕೇಳದೆ ಬರುತ್ತಿರಲಿಲ್ಲ. ಮೊದಲು ಆಕಳಿಕೆಯ ಮೇಲೆ ಆಕಳಿಕೆ, ಆಮೇಲೆ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಮಿಂಚು, ಅದು ಕರಗಿದ ಮೇಲೆ ಎಡಗಣ್ಣಿನ ಹಿಂದೆ ನಿಧಾನಕ್ಕೆ ಟಕ್ ಟಕ್ ಟಕ್.

"ಬೀಗರು ಬಾಗಿಲು ತಟ್ತಿದ್ದಾರೆ ಕಣೇ" ಅಂತ ಬುರುಗಣ್ಣ ಬೆರಳ ಗಿಣ್ಣಿನಿಂದ ಮೇಜಿನ ಮೇಲೆ ಕುಟ್ಟಿ ತೋರಿಸಿದರೆ ಸಾಕು, ಮನೆ ಸಜ್ಜಾಗುತ್ತಿತ್ತು. ಹೆಂಡತಿ ಪರದೆ ಎಳೆಯುವಳು. ತಾಯಿ ಒದ್ದೆ ಬಟ್ಟೆ ಹಿಂಡುವಳು. ಭಾವಮೈದ ಬೀದಿಗಿಳಿದು ಎದುರು ಮನೆಯ ಬಡಗಿಗೂ ಮೂಲೆಯ ಕ್ಷೌರಿಕನ ರೇಡಿಯೋಗೂ ಕೈಸನ್ನೆ ಮಾಡುವನು. ಬೀದಿಗೆ ಬೀದಿಯೇ ಬೆಕ್ಕಿನ ಹೆಜ್ಜೆ ಇಡುತ್ತಿತ್ತು.

ಇತ್ತೀಚೆಗೆ ಬೀಗರ ಬರವು ಹೆಚ್ಚಾಗಿ, ವಾರದಲ್ಲಿ ಮೂರು ದಿನ ಕಾರ್ಖಾನೆ ಮುಚ್ಚುವ ಹಾಗಾಯಿತು. ಡಾಕ್ಟರಮ್ಮ ದಿನಾ ನುಂಗುವ ಮಾತ್ರೆಯೊಂದನ್ನು ಬರೆದುಕೊಟ್ಟಳು. "ಬಂದ ಮೇಲೆ ಓಡಿಸೋದಲ್ಲ ಇದು, ಬರದ ಹಾಗೆ ತಡೆಯೋದು. ಬೆರಳು ಜುಮ್ ಅನ್ನಬಹುದು, ಬಾಯಿರುಚಿ ಕೆಡಬಹುದು, ಮಾತು ನಾಲಿಗೆ ತುದಿಗೆ ಬಂದು ನಿಲ್ಲಬಹುದು. ಹಾಗಾದ್ರೆ ನೀವೇ ಬಿಡೋಕೆ ಹೋಗ್ಬೇಡಿ, ಮುಚ್ಚಿಡ್ಲೂಬೇಡಿ. ಬಂದು ಹೇಳಿ."

ಬುರುಗಣ್ಣ ಮುಚ್ಚಿಟ್ಟ. ಬೆರಳು ಜುಮ್ ಅಂದದ್ದಕ್ಕಲ್ಲ. ಒಂದು ಬೆಳಿಗ್ಗೆ ಮೊದಲ ಗುಟುಕು ಬಾಯಿಗೆ ಹಾಕಿಕೊಂಡರೆ ಸೋಡಾ ಸತ್ತುಬಿದ್ದಿತ್ತು. ನೊರೆ ಕಣ್ಣಿಗೆ ಕಾಣುತ್ತಿದೆ, ನಾಲಿಗೆಗೆ ಮಾತ್ರ ತಂಗಳು ನೀರು. ಸೋಡಾದವನ ನಾಲಿಗೆ ಹೋಯಿತು ಅಂತ ಊರಿಗೆ ಗೊತ್ತಾಗುವುದೂ ಒಂದೇ, ಅಂಗಡಿಗೆ ಬೆಂಕಿ ಹಚ್ಚಿಕೊಳ್ಳುವುದೂ ಒಂದೇ ಅಂದುಕೊಂಡು ಅವನು ಗತ್ತಿನಿಂದಲೇ, "ಇನ್ನೊಂದು ಚೂರು ತಿರುಗಿಸು" ಅಂದ. ಮಾರನೆಯ ದಿನವೂ ಅಂದ. ಅದರ ಮಾರನೆಯ ದಿನವೂ.

"ಭಾವ, ಯಂತ್ರ ನಡುಗ್ತಾ ಇದೆ."

"ನಡುಗ್ಲಿ. ನಾಲಿಗೆ ನಂದಾ, ನಿಂದಾ?"

ಊರು ತೇಗತೊಡಗಿತು. ಕ್ಷೌರಿಕನ ಗಿರಾಕಿಯೊಬ್ಬನಿಗೆ ಸೋಡಾ ಮೂಗಿನಿಂದ ಹೊರಬಂದು, ಅವನು ಅರ್ಧ ಬೋಳಿಸಿದ ಗಡ್ಡದೊಂದಿಗೆ ಬೀದಿಗೆ ಓಡಿದ. ಮೇಷ್ಟರೊಬ್ಬರು ಪಾಠದ ನಡುವೆ ತೇಗಿದ ರಭಸಕ್ಕೆ ಮುಂದಿನ ಸಾಲಿನ ಮಕ್ಕಳು ಎದ್ದು ನಿಂತು ನಮಸ್ಕಾರ ಮಾಡಿದರು. ಮುಚ್ಚಳವೊಂದು ಹಾರಿ ಕಾರ್ಖಾನೆಯ ಬಲ್ಬು ಒಡೆಯಿತು. ವ್ಯಾಪಾರ ಮಾತ್ರ ಏರುತ್ತಲೇ ಹೋಯಿತು!

ಅತ್ತ ಮಾತು ಕೈಕೊಡತೊಡಗಿತು. "ಅದು ತಗೊಂಡ್ ಬಾರೋ, ಅದೇ... ಬಾಟಲಿ ನೆತ್ತಿಗೆ ಗುದ್ದೋದು."

"ಸುತ್ತಿಗೆನಾ ಭಾವ?"

"ಅಲ್ಲ ಕಣೋ, ಟೋಪಿ ಹಾಕೋದು!"

"ಮುಚ್ಚಳ ಒತ್ತೋದಾ?"

"ಹೂಂ, ಅಷ್ಟು ಹೊತ್ತು ಬೇಕಿತ್ತಾ ನಿಂಗೆ?"

ಬೀದಿಯವರಿಗೆ ಇದೊಂದು ಆಟವೇ ಆಯಿತು. ಬುರುಗಣ್ಣ ಬಾಯಿ ತೆರೆದು ನಿಂತರೆ ಬಡಗಿ ಅಲ್ಲಿಂದಲೇ "ಬಕೆಟ್ಟಾ? ಹಗ್ಗಾನಾ?" ಅಂತ ಕೂಗುವನು. ಹೆಂಡತಿಗೆ ಮಾತ್ರ ನಗು ಬರಲಿಲ್ಲ. "ರೀ, ಡಾಕ್ಟರಮ್ಮ ಬಂದು ಹೇಳಿ ಅಂದಿದ್ರಲ್ವಾ?" ಅಂದರೆ, "ಬೀಗರು ಬರೋದು ನಿಂತಿದೆಯಲ್ಲ, ಸುಮ್ನಿರು" ಅಂತ ಬಾಯಿ ಮುಚ್ಚಿಸುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ತುಂಬಿದ ಕ್ರೇಟೊಂದನ್ನು ಎತ್ತಿ ವ್ಯಾನಿಗೆ ಇಡುತ್ತಿದ್ದಾಗ ಬುರುಗಣ್ಣನಿಗೆ ಫಟ್ ಅಂತ ಕೇಳಿಸಿತು.

"ಯಾವ್ದೋ ಒಡೀತು?"

ಭಾವಮೈದ ಕ್ರೇಟಿನೊಳಗೆ ಇಣುಕಿದ. "ಒಂದೂ ಒಡೆದಿಲ್ಲ ಭಾವ."

ಒಡೆದದ್ದು ಒಳಗೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದಲೆಯಿಂದ ಹಣೆಯವರೆಗೆ ಯಾರೋ ಸನಿಕೆ ಬೀಸಿದ ಹಾಗೆ. ಇಷ್ಟು ವರ್ಷ ಬೀಗರ ಕಾಟ ಉಂಡವನು, ಇಂಥದ್ದನ್ನು ಕಂಡಿರಲಿಲ್ಲ. ಆಕಳಿಕೆ ಇಲ್ಲ, ಮಿಂಚಿಲ್ಲ, ಟಕ್ ಟಕ್ ಇಲ್ಲ. ಕೂತಲ್ಲೇ ವಾಂತಿ ಮಾಡಿಕೊಂಡ.

"ಬೀಗರು ಬಂದ್ರು!" ಅಂತ ತಾಯಿ ಕೂಗಿದಳು. ಮನೆಯೆಲ್ಲ ಗಡಿಯಾರದ ಹಾಗೆ ಕೆಲಸಕ್ಕೆ ಬಿತ್ತು. ಅವನನ್ನು ಮಂಚಕ್ಕೆ ಸಾಗಿಸಿದರು. ಪರದೆ ಎಳೆದಾಯಿತು, ಒದ್ದೆ ಬಟ್ಟೆ ಬಂತು, ರೇಡಿಯೋ ನಿಂತಿತು. ಮರ್ಯಾದೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ; ಬಂದವನು ಮಾತ್ರ ಬೇರೆ ಯಾರೋ. ಅದು ಗೊತ್ತಿದ್ದದ್ದು ಮಂಚದ ಮೇಲಿದ್ದವನೊಬ್ಬನಿಗೇ. ಹೇಳೋಣವೆಂದರೆ ಮಾತು ಕೂಡುತ್ತಿಲ್ಲ.

"ಬೀಗರು... ಬೀಗರು..."

"ಹೌದು ಮಗಾ, ಬಂದಿದ್ದಾರೆ. ನಾವು ನೋಡ್ಕೋತೀವಿ, ನೀನು ಮಲಗು."

"ಅದು... ಇದು..."

"ಬಕೆಟ್ಟಾ ಭಾವ? ಟವೆಲ್ಲಾ?" ಭಾವಮೈದ ಆಟಕ್ಕಿಳಿದ. ಕಿಟಕಿಯಾಚೆಯಿಂದ ಬಡಗಿಯೂ ಪಿಸುದನಿಯಲ್ಲಿ, "ದಿಂಬಾ?" ಅಂದ.

ಬುರುಗಣ್ಣನಿಗೆ ಜೀವ ಹೋಗುತ್ತಿದೆ ಅನ್ನುವುದಕ್ಕಿಂತ, ಈ ಮೂರ್ಖರು ದಿಂಬು ಕೊಟ್ಟು ಕಳಿಸಿಬಿಡುತ್ತಾರಲ್ಲ ಅನ್ನುವ ಸಂಕಟ ದೊಡ್ಡದಾಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಗಿಣ್ಣಿಗೆ ತಂದುಕೊಂಡು ಮಂಚದ ಚೌಕಟ್ಟಿಗೆ ಟಕ್ ಟಕ್ ಟಕ್ ಅಂತ ಕುಟ್ಟಿದ. ಆಮೇಲೆ ಬೆರಳೆತ್ತಿ, ಇಲ್ಲ ಅನ್ನುವಂತೆ ಆಡಿಸಿದ.

"ಸದ್ದು ಬೇಡವಂತೆ!" ಅಂತ ಭಾವಮೈದ ಬಡಗಿಯನ್ನು ಗದರಿದ.

"ನಾನೆಲ್ಲಿ ಕುಟ್ಟಿದೆ? ಕುಟ್ಟಿದ್ದು ಅವನೇ!"

ಹೆಂಡತಿ ನೀರು ಕುಡಿಸಲು ಬಂದಿದ್ದಳು. ಲೋಟ ಹಿಡಿದವಳು ನಿಂತುಬಿಟ್ಟಳು. ಕುಟ್ಟಿದ, ಇಲ್ಲ ಅಂದ. "ರೀ, ಬೀಗರು ಬಾಗಿಲು ತಟ್ಟಲೇ ಇಲ್ವಾ?"

ಬುರುಗಣ್ಣನ ಕಣ್ಣಲ್ಲಿ ನೀರು ಬಂತು. ಅವಳು ತಲೆಯ ಕೆಳಗೆ ಕೈ ಹಾಕಿ ಎತ್ತಿದಳು. ಕತ್ತು ಬಗ್ಗಲಿಲ್ಲ, ತಲೆಯೊಂದಿಗೆ ಬೆನ್ನೂ ಹಲಗೆಯ ಹಾಗೆ ಒಟ್ಟಿಗೇ ಎದ್ದಿತು.

"ಇದು ನಮ್ಮನೆ ತಲೆನೋವಲ್ಲ. ವ್ಯಾನ್ ತೆಗಿಯೋ!"

"ಅಕ್ಕಾ, ವ್ಯಾನ್ ತುಂಬಾ ಸೋಡಾ ಇದೆ, ಇಳಿಸಿ..."

"ಇಳಿಸ್ತಾ ಕೂತ್ರೆ ನಿನ್ನೇ ಇಳಿಸ್ತೀನಿ!"

ನಾಲ್ಕು ಕ್ರೇಟು ಆಚೆ ಎಸೆದು, ಆದ ಜಾಗದಲ್ಲಿ ಹಾಸಿಗೆ ಹಾಕಿ ಅವನನ್ನು ಮಲಗಿಸಿದರು. ವ್ಯಾನಿನ ಹಾರ್ನ್ ಎಂದೋ ಕೆಟ್ಟಿತ್ತು. ಅದರ ಚಿಂತೆ ಬೇಕಾಗಲಿಲ್ಲ. ರಸ್ತೆಯ ಮೊದಲ ಗುಂಡಿಗೇ ಮುಚ್ಚಳಗಳು ಹಾರಲು ಶುರುವಾದವು. ಢಂ, ಢಂ, ಢಂ. ಬಸ್ಸು ಪಕ್ಕಕ್ಕೆ ಸರಿಯಿತು. ಸೈಕಲ್ಲಿನವರು ಮೋರಿಗೆ ಇಳಿದರು. ಹೆಂಡತಿ ಗಂಡನ ಮೇಲೆ ಕಂಬಳಿ ಹರಡಿ, ತಾನೇ ಅಡ್ಡ ಬಾಗಿ, ಸೋಡಾದಲ್ಲಿ ತೊಯ್ದು ತೊಪ್ಪೆಯಾದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಕ್ಯಾಂಟೀನ್ ಸೋಡಾ ಹಿಂದಿನ ಗೇಟಿಗೆ."

"ಇವ್ರು ಸೋಡಾ ಅಲ್ಲಯ್ಯ, ನನ್ನ ಗಂಡ!"

ಒಳಗಿನ ಡಾಕ್ಟರಿಗೆ ಅವಳು ಸುತ್ತಿ ಬಳಸಿ ಹೇಳಲಿಲ್ಲ. "ತಲೆನೋವು ಇವರಿಗೆ ಹಳೇದು ಸ್ವಾಮಿ, ಆದ್ರೆ ಇದು ಅದಲ್ಲ. ಒಂದೇ ಏಟಿಗೆ ಸಿಡಿಲು ಹೊಡೆದ ಹಾಗೆ ಬಂತು. ಕತ್ತು ಬಗ್ತಿಲ್ಲ." ಡಾಕ್ಟರು ಕೂಡಲೇ ಅವನನ್ನು ಸ್ಕ್ಯಾನಿಗೆ ದೂಡಿಸಿಕೊಂಡು ಹೋದರು.

ಮಿದುಳಿನ ರಕ್ತನಾಳವೊಂದರ ಗೋಡೆ ಗುಳ್ಳೆಯ ಹಾಗೆ ಉಬ್ಬಿ ಸೋರಿತ್ತು. ತೊಡೆಯ ನಾಳದಿಂದ ತೂರಿಸಿದ ತಂತಿಯಲ್ಲಿ ಅದನ್ನು ಮುಚ್ಚಿದರು. ಬಹಳ ದಿನದ ಮೇಲೆ ಡಾಕ್ಟರಮ್ಮ ಅವನೆದುರು ಕೂತು, "ಸೋರಿದ್ದು ಮಾತ್ರೆಯಿಂದಲ್ಲ. ಆದ್ರೆ ಮಾತು ತಡವರಿಸೋದನ್ನ ನೀವು ಮುಚ್ಚಿಟ್ಟು ಮನೆಯವರಿಗೆ ಅಭ್ಯಾಸ ಮಾಡಿಸಿದ್ರಿ. ನಿಜವಾಗಿ ಕೂಗಿದಾಗ ಅವರು ದಿಂಬು ತಂದ್ರು" ಅಂದು ಮಾತ್ರೆ ಬದಲಾಯಿಸಿದಳು. ಬುರುಗಣ್ಣ ತಲೆ ತಗ್ಗಿಸಿದ. ಕತ್ತು ಬಗ್ಗಿತು ಅಂತ ಹೆಂಡತಿಗೆ ಅದೇ ಸಂತೋಷ.

ನಾಲಿಗೆ ಮರಳಿತು. ಮೂಲೆಯಲ್ಲಿ ಉಳಿದಿದ್ದ ಹಳೆಯ ಬಾಟಲಿಯೊಂದನ್ನು ಬಿಚ್ಚಿ ಗುಟುಕರಿಸಿದವನು ಕೆಮ್ಮಿ, ಸೀನಿ, ಗೋಡೆ ಹಿಡಿದು ನಿಂತ. "ಇದನ್ನ ಜನಕ್ಕೆ ಕುಡಿಸಿದ್ನೇನೋ?"

"ಕುಡಿಸಿದ್ದಲ್ಲ ಭಾವ, ಹೊಡೆದದ್ದು."

ಈಗ ಮೀಟರಿನ ಗಾಜನ್ನು ಹೆಂಡತಿ ದಿನಾ ಒರೆಸುತ್ತಾಳೆ. ಸೋಡಾ ಸರಿಯಾಯಿತು, ವ್ಯಾಪಾರ ಇಳಿಯಿತು. "ನಿನ್ನ ತಲೆ ಕೆಟ್ಟಿದ್ದಾಗ್ಲೇ ಚೆನ್ನಾಗಿತ್ತಪ್ಪ" ಅಂತ ಕ್ಷೌರಿಕ ಇವತ್ತಿಗೂ ಗೊಣಗುತ್ತಾನೆ.

ಮೊನ್ನೆ ಬಾಟಲಿ ತೊಳೆಯುತ್ತಿದ್ದ ಬುರುಗಣ್ಣ ಆಕಳಿಸಿದ. ಮತ್ತೆ ಆಕಳಿಸಿದ. ಹೆಂಡತಿ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದಳು.

"ಮಿಂಚು?"

"ಬಂತು. ಎಡಗಡೆ, ಗರಗಸದ ಹಾಗೆ."

"ಕತ್ತು ಬಗ್ಗಿಸಿ ನೋಡೋಣ."

ಬಗ್ಗಿಸಿದ. ಗದ್ದ ಎದೆಗೆ ತಾಗಿತು. ಒದ್ದೆ ಕೈಯಲ್ಲೇ ತೊಟ್ಟಿಯ ಅಂಚಿಗೆ ಟಕ್ ಟಕ್ ಟಕ್ ಅಂತ ಕುಟ್ಟಿ, ಬೀಗರ ಹಾಗೆ ಮೂಗೇರಿಸಿ ನಕ್ಕ.

"ಸದ್ಯ, ನಮ್ಮವರೇ!" ಅಂದಳು ಹೆಂಡತಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪರದೆ ಎಳೆಯಲು ಹೋದಳು.