ಈರುಳ್ಳಿ ಸಿಪ್ಪೆ, ಬಾದಾಮಿ ಎಲೆ

ಹರಿಹರದಿಂದ ದಾವಣಗೆರೆಗೆ ಸೊಸೆಯಾಗಿ ಬಂದಾಗ ನಾನು ನನ್ನ ಹೊಲಿಗೆ ಮಿಷನ್ನನ್ನೂ ಜೊತೆಗೆ ತಂದಿದ್ದೆ. ಗಂಡನಿಗೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಹಗಲಿಡೀ ಮನೆಯಲ್ಲಿ ಇರುವವರು ಅತ್ತೆ ಮತ್ತು ನಾನು. ಮುಂದಿನ ಕೋಣೆಯ ಕಿಟಕಿಗೆ ಆನಿಸಿ ಮಿಷನ್ ಇಟ್ಟುಕೊಂಡು ಓಣಿಯ ಹೆಂಗಸರ ರವಿಕೆ ಹೊಲಿಯತೊಡಗಿದೆ. ಆ ಕಿಟಕಿಯಿಂದ ನಮ್ಮ ಅಂಗಳ ಕಾಣುತ್ತಿತ್ತು. ಸೊಂಟದೆತ್ತರದ ಕಾಂಪೌಂಡಿನ ಆಚೆ ಪಕ್ಕದ ಮನೆಯ ಅಂಗಳವೂ ಕಾಣುತ್ತಿತ್ತು. ಹಾಗಾಗಿ ಈ ಎರಡು ಮನೆಗಳ ಕಸದ ಜಗಳವನ್ನು ನಾನು ಕೂತಲ್ಲಿಂದಲೇ ಪೂರ್ತಿ ನೋಡಿದ್ದೇನೆ.

ಅತ್ತೆಯ ತವರು ಹದಡಿ. ಬೆಳಕು ಹರಿಯುವ ಮೊದಲೇ ಎದ್ದು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ವಿಭೂತಿ ಹಚ್ಚಿಕೊಂಡು, ಆಮೇಲೆಯೇ ಚಹಾ ಕುಡಿಯುವವರು. ಅಂಗಳದಲ್ಲಿ ಒಂದು ಕಡ್ಡಿ ಬಿದ್ದಿದ್ದರೂ ಅವರಿಗೆ ಕಣ್ಣಲ್ಲಿ ಬಿದ್ದಂತೆ. ಪಕ್ಕದ ಮನೆಯ ಅಕ್ಕ ಮತ್ತು ಆಕೆಯ ಗಂಡ ಸಂಜೆ ಹೊತ್ತು ತಳ್ಳುಗಾಡಿಯಲ್ಲಿ ಮಿರ್ಚಿ ಮಂಡಕ್ಕಿ ಮಾರುತ್ತಿದ್ದರು. ಮಂಡಕ್ಕಿಗೆ ಈರುಳ್ಳಿ ಬೇಕಲ್ಲ. ಮಧ್ಯಾಹ್ನದ ಊಟ ಮುಗಿಸಿದ ಅಕ್ಕ ಅಂಗಳದಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತರೆ ಮೂಟೆಯ ಅರ್ಧದಷ್ಟು ಈರುಳ್ಳಿ ಹೆಚ್ಚಿಯೇ ಏಳುತ್ತಿದ್ದರು. ಸಿಪ್ಪೆಯನ್ನೆಲ್ಲ ಕಾಂಪೌಂಡಿನ ಪಕ್ಕ ಇಟ್ಟಿದ್ದ ನೀಲಿ ಡ್ರಮ್ಮಿಗೆ ತುಂಬುತ್ತಿದ್ದರು. ಈರುಳ್ಳಿ ಸಿಪ್ಪೆಗೆ ತೂಕವಿಲ್ಲ, ಆದರೆ ಜಾಗ ಬಹಳ ಬೇಕು. ಎರಡೇ ದಿನಕ್ಕೆ ಡ್ರಮ್ಮು ತುಂಬಿ ಗೋಪುರವಾಗಿ, ಮೇಲೆ ಹಾಕಿದ್ದು ಕೆಳಗೆ ಜಾರುತ್ತಿತ್ತು.

ಅವರ ಮನೆ ನಮಗೆ ಪಶ್ಚಿಮಕ್ಕೆ. ಆಷಾಢದ ಗಾಳಿ ಬೀಸುವುದೂ ಆ ಕಡೆಯಿಂದಲೇ. ಸಿಪ್ಪೆಗಳು ಗುಂಪು ಕಟ್ಟಿಕೊಂಡು ಕಾಂಪೌಂಡು ದಾಟಿ ಬರುತ್ತಿದ್ದವು. ಹಸಿ ರಂಗೋಲಿಗೆ ಅಂಟುತ್ತಿದ್ದವು, ಒಣಹಾಕಿದ ಬಿಳಿ ಪಂಚೆಗೆ ಅಂಟುತ್ತಿದ್ದವು, ಕಿಟಕಿಯಲ್ಲಿ ನುಸುಳಿ ನಾನು ಹೊಲಿಯುತ್ತಿದ್ದ ರವಿಕೆಯ ತೋಳಿನೊಳಗೆ ಸೇರುತ್ತಿದ್ದವು. ಒಮ್ಮೆ ಒಬ್ಬರು ಹೊಸ ರವಿಕೆ ಒಯ್ದವರು ಮರುದಿನ ಬಂದು, ಮೈಯೆಲ್ಲ ಈರುಳ್ಳಿ ವಾಸನೆ ಬರುತ್ತದೆ, ನಿಮ್ಮ ದಾರಕ್ಕೇನಾಗಿದೆ ಎಂದು ಕೇಳಿದ್ದರು.

ಅತ್ತೆ ಬಹಳ ದಿನ ಗೊಣಗುತ್ತಾ ಸಹಿಸಿದರು. ಶ್ರಾವಣ ಸೋಮವಾರ ಒಂದು ಸಿಪ್ಪೆ ಹಾರಿಬಂದು ಪೂಜೆಗೆಂದು ತೊಳೆದಿಟ್ಟ ಪತ್ರೆಯ ತಟ್ಟೆಯಲ್ಲಿ ಕೂತಾಗ ಅವರ ತಾಳ್ಮೆ ಮುಗಿಯಿತು. ಶ್ರಾವಣ ಪೂರ್ತಿ ನಮ್ಮ ಮನೆಯೊಳಗೆ ಈರುಳ್ಳಿ ಬರುವಂತಿಲ್ಲ. ತಟ್ಟೆ ಹಿಡಿದುಕೊಂಡೇ ಕಾಂಪೌಂಡಿನ ಹತ್ತಿರ ಹೋಗಿ ಅಕ್ಕನನ್ನು ಕರೆದರು. ಡ್ರಮ್ಮಿಗೆ ಮುಚ್ಚಳ ಹಾಕಬಾರದೇ, ಇಷ್ಟು ದಿನ ನೋಡಿದೆ, ದೇವರ ತಟ್ಟೆಗೂ ಬಂತಲ್ಲ ಎಂದು ಶುರುಮಾಡಿದವರು ಹತ್ತು ಮನೆಗೆ ಕೇಳುವಷ್ಟು ಮಾತಾಡಿದರು.

ಪಕ್ಕದ ಮನೆಯ ಅಕ್ಕ ಹೊರಗೆ ಬಂದು ಎಲ್ಲ ಕೇಳಿಸಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತರು.

"ಗಾಳಿಗೆ ನಾ ಹೇಳಾಕಾಗ್ತೈತೇನ್ರಿ ಅಮ್ಮಾರೆ? ಚಳಿಗಾಲದಾಗ ನಿಮ್ಮ ಗಿಡದ ಎಲಿ ನಮ್ಮ ಅಂಗಳಕ್ಕ ಬರ್ತಾವಲ್ಲ, ಅವಕ್ಕೇನು ನೀವು ವಿಳಾಸ ಬರ್ದು ಕಳಿಸ್ತೀರಾ?"

ಆ ಮಾತು ಸುಳ್ಳಲ್ಲ. ನಮ್ಮ ಅಂಗಳದ ಮೂಲೆಯಲ್ಲಿ ಮಾವನವರು ಹಾಕಿದ ಬಾದಾಮಿ ಮರವೊಂದಿದೆ. ಚಳಿ ಬಿದ್ದ ಕೂಡಲೇ ಅದರ ಎಲೆಗಳು ಕೆಂಪಾಗುತ್ತವೆ. ಆಗ ಗಾಳಿ ಮೂಡಲಿನಿಂದ ಬೀಸುತ್ತದೆ. ಊಟದ ತಟ್ಟೆಯಷ್ಟಗಲದ ಎಲೆಗಳು ಬಿದ್ದು ಪಕ್ಕದ ಮನೆಯ ಅಂಗಳ ತುಂಬುತ್ತವೆ. ಮುಂಗಾರಿನಲ್ಲಿ ದೂರು ಹೇಳುವವರು ನಾವು, ಚಳಿಗಾಲದಲ್ಲಿ ಕೇಳಿಸಿಕೊಳ್ಳುವವರೂ ನಾವೇ. ಆದರೆ ಅತ್ತೆ ಅದನ್ನು ಒಪ್ಪುವವರಲ್ಲ. "ಎಲಿ ಗಿಡದ್ದು, ಸಿಪ್ಪಿ ನಿಂದು" ಎಂದು ಹೇಳಿ ಒಳಗೆ ಬಂದರು.

ಅಂದಿನಿಂದ ಮಾತು ನಿಂತಿತು, ಕೆಲಸ ಶುರುವಾಯಿತು. ಬೆಳಿಗ್ಗೆ ಅತ್ತೆ ಅಂಗಳದ ಸಿಪ್ಪೆಯನ್ನೆಲ್ಲ ಮೊರಕ್ಕೆ ತುಂಬಿ, ಕಾಂಪೌಂಡಿನ ಮೇಲಿಂದ ಕೈ ಚಾಚಿ, ಅದೇ ನೀಲಿ ಡ್ರಮ್ಮಿಗೆ ಸುರಿಯುವರು. ಡ್ರಮ್ಮು ಮೊದಲೇ ತುಂಬಿರುತ್ತಿದ್ದುದರಿಂದ ಅರ್ಧ ಅಲ್ಲೇ ಕೆಳಗೆ ಬೀಳುವುದು. ಮಧ್ಯಾಹ್ನದ ಗಾಳಿಗೆ ಅದು ಮತ್ತೆ ನಮ್ಮ ಮನೆಗೆ ಬರುವುದು. ಚಳಿಗಾಲ ಬಂದಾಗ ಅಕ್ಕ ಬಾದಾಮಿ ಎಲೆಗಳನ್ನು ಗೋಣಿಚೀಲಕ್ಕೆ ತುರುಕಿ ನಮ್ಮ ಗೇಟಿನ ಮುಂದೆ ನೆಟ್ಟಗೆ ನಿಲ್ಲಿಸಿ ಹೋಗುವರು. ಅತ್ತೆ ಅದನ್ನು ರಸ್ತೆಯ ನಡುವೆ, ಎರಡೂ ಮನೆಗೆ ಸೇರದ ಜಾಗಕ್ಕೆ ಎಳೆದು ಇಡುವರು. ಹಸುವೊಂದು ಬಂದು ಮೂಸಿ, ಚೀಲ ಉರುಳಿಸಿ ಹೋಗುವುದು.

ನನಗೂ ಅಕ್ಕನಿಗೂ ಮಾತ್ರ ಮಾತು ನಿಂತಿರಲಿಲ್ಲ. ಆಕೆಯ ರವಿಕೆಗಳನ್ನು ಹೊಲಿಯುತ್ತಿದ್ದವಳು ನಾನೇ. ಅತ್ತೆ ಮಧ್ಯಾಹ್ನ ಮಲಗಿದಾಗ ಹಿತ್ತಿಲ ಬಾಗಿಲಿಂದ ಬಂದು ಬಟ್ಟೆ ಕೊಟ್ಟು, ತೋಳು ಸ್ವಲ್ಪ ಸಡಿಲ ಇರಲಿ ತಂಗಿ ಎಂದು ಪಿಸುಗುಟ್ಟಿ ಹೋಗುವರು. ಗಾಡಿ ಹೊರಡುವ ಮೊದಲು ಕೆಲವು ದಿನ ಬಿಸಿ ಮಿರ್ಚಿಯನ್ನು ಪೇಪರಿನಲ್ಲಿ ಸುತ್ತಿ ಕಿಟಕಿಯಲ್ಲಿ ಇಟ್ಟು ಹೋಗುವರು. ನಾನು ಅದನ್ನು ತಟ್ಟೆಗೆ ಹಾಕಿ ಚಹಾದ ಜೊತೆ ಅತ್ತೆಯ ಮುಂದೆ ಇಡುತ್ತಿದ್ದೆ. ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ದಿನ ಕೊನೆಯ ಮಿರ್ಚಿಯನ್ನು ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅವರೇ ಅಂದರು, "ಜಗಳ ಸಿಪ್ಪಿದು. ಮಿರ್ಚಿಗ್ಯಾಕ ಸಿಟ್ಟು ಮಾಡ್ಲಿ."

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಕೆಲವು ವರ್ಷಗಳ ಮೇಲೆ ಒಂದು ದಿನ ಕಸದ ಗಾಡಿಯವರು ಡ್ರಮ್ಮನ್ನು ಮುಟ್ಟುವುದಿಲ್ಲ ಎಂದರು. ಹಾಡು ಹಾಕಿಕೊಂಡು ಬರುವ ಆ ಗಾಡಿ ಮನೆಗಳ ಕಸಕ್ಕೆ ಮಾತ್ರವಂತೆ. ಇದು ವ್ಯಾಪಾರದ ಕಸ, ಇದಕ್ಕೆ ಬೇರೆ ಗಾಡಿ, ಅದಕ್ಕೆ ನೀವೇ ಹೋಗಿ ಹೇಳಬೇಕು ಎಂದು ಅವರ ವಾದ. ಅಕ್ಕನ ಗಂಡ ಕಾರ್ಪೊರೇಷನ್ ಆಫೀಸಿಗೆ ಅಲೆದರು. ಆಫೀಸಿನವರು ಇಲ್ಲಿ ಕೇಳಿ, ಅಲ್ಲಿ ಕೇಳಿ ಎಂದರು, ಗಾಡಿ ಬರಲಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು. ರಜೆಗೆ ಮನೆಗಳ ಕಸದ ಗಾಡಿಯೂ ನಿಂತಿತು. ಓಣಿಯ ಎಲ್ಲ ಮನೆಗಳ ಬಕೆಟ್ಟುಗಳೂ ತುಂಬಿ ತುಳುಕಿದವು. ಬಾಳೆಕಂಬ, ಚೆಂಡುಹೂ, ಪಟಾಕಿ ಡಬ್ಬಿಗಳು, ಜೊತೆಗೆ ನನ್ನ ಹಬ್ಬದ ಹೊಲಿಗೆಯ ಬಟ್ಟೆ ಚೂರುಗಳೂ. ನಾಯಿಗಳು ಡ್ರಮ್ಮನ್ನು ಕೆಡವಿದವು. ಬೆಳಿಗ್ಗೆ ನೋಡಿದರೆ ರಸ್ತೆಯ ಈ ತುದಿಯಿಂದ ಆ ತುದಿಗೆ ಗುಲಾಬಿ ಬಣ್ಣದ ಸಿಪ್ಪೆ ಹಾಸಿತ್ತು. ನೋಡಲು ಚಂದವೇ ಇತ್ತು ಎಂದರೆ ನನ್ನ ಗಂಡ ಈಗಲೂ ನಗುತ್ತಾರೆ.

ಯಾರೋ ಅದರ ಫೋಟೋ ತೆಗೆದು ಆಫೀಸಿಗೆ ಕಳಿಸಿದ್ದರು. ಮಧ್ಯಾಹ್ನದ ಮೊದಲೇ ಆರೋಗ್ಯ ಇನ್ಸ್‌ಪೆಕ್ಟರು ಬೈಕಿನಲ್ಲಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಹಬ್ಬದ ರಜೆಯಲ್ಲಿ ಎಬ್ಬಿಸಿ ಕಳಿಸಿದ್ದರ ಬೇಸರ ಮುಖದಲ್ಲಿತ್ತು. ಬೈಕು ನಿಲ್ಲಿಸಿದ್ದು ನಮ್ಮ ಗೇಟಿನ ಮುಂದೆ. ಅತ್ತೆ ಪೊರಕೆ ಹಿಡಿದು ಅಲ್ಲೇ ನಿಂತಿದ್ದರು. ಪಕ್ಕದ ಮನೆಯ ಅಕ್ಕ ತಮ್ಮ ಬಾಗಿಲ ಹತ್ತಿರ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಫೋಟೋ ಕಳಿಸಿದವರು ಅತ್ತೆಯೇ ಎಂದು ಅವರಿಗೆ ಅನ್ನಿಸಿತ್ತು ಎಂದು ಆಮೇಲೆ ನನ್ನೊಡನೆ ಹೇಳಿದರು. ಅತ್ತೆಗೆ ಫೋನಿನಲ್ಲಿ ಹಸಿರು ಗುಂಡಿ ಒತ್ತುವುದರ ಹೊರತು ಏನೂ ಬರುವುದಿಲ್ಲ ಎಂಬುದು ಆ ಗಾಬರಿಯಲ್ಲಿ ಅವರಿಗೆ ಹೊಳೆದಿರಲಿಲ್ಲ.

ಇನ್ಸ್‌ಪೆಕ್ಟರು ಸುತ್ತ ನೋಡಿ, ಈ ಸಿಪ್ಪೆ ಯಾರ ಮನೆಯದು ಎಂದು ಅತ್ತೆಯನ್ನು ಕೇಳಿದರು.

ನಾನು ಮಿಷನ್ ನಿಲ್ಲಿಸಿದೆ. ಇಷ್ಟು ವರ್ಷ ಅತ್ತೆ ಕಾದಿದ್ದ ಪ್ರಶ್ನೆ ಅದೇ. ಬೆರಳು ತೋರಿಸಿದರೆ ಸಾಕಿತ್ತು. ಅವರು ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನಮ್ದು" ಎಂದರು.

ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ. ಇಷ್ಟೊಂದು ಈರುಳ್ಳಿ ಒಂದು ಮನೆಗೆ ಯಾಕೆ ಬೇಕು ಅಜ್ಜಿ ಎಂದು ಕೇಳಿದರು.

"ನಮ್ಮನ್ಯಾಗ ಉಳ್ಳಾಗಡ್ಡಿ ಭಾಳ ತಿಂತೀವಪ್ಪ. ಹಬ್ಬ ಅಲ್ಲೇನು? ಅದಿರ್ಲಿ, ನಿಮ್ಮ ಗಾಡಿ ಯಾಕ ಬರ್ಲಿಲ್ಲ, ಅದನ್ನ ಮೊದ್ಲು ಹೇಳ್ರಿ."

ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಶ್ರಾವಣದಲ್ಲಿ ಈರುಳ್ಳಿಯ ಬುಟ್ಟಿಯನ್ನೇ ಮನೆಯಿಂದಾಚೆ ಇಡುವ ಅತ್ತೆ ಈ ಮಾತನ್ನು ಕಣ್ಣು ಮಿಟುಕಿಸದೆ ಹೇಳಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆಚೆ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. ಅಂಗಳ ದಾಟಿ ರಸ್ತೆಗೆ ಬಂದು, ಅಮ್ಮಾರು ಸುಳ್ಳು ಹೇಳುತ್ತಿದ್ದಾರೆ, ಸಿಪ್ಪೆ ನಮ್ಮದು, ನಾವು ಮಿರ್ಚಿ ಗಾಡಿಯವರು ಎಂದು ಒಪ್ಪಿಕೊಂಡರು. ಅತ್ತೆ ಬಿಡಲಿಲ್ಲ. ಅರ್ಧ ನಮ್ಮ ಮರದ ಎಲೆ ಇದೆ, ಬಟ್ಟೆ ಚೂರೂ ಇದೆ, ಹಾಗಾಗಿ ಕಸ ನಮ್ಮದೇ ಎಂದರು. ಯಾವ ಎಲೆ, ಮರ ಇನ್ನೂ ಹಸಿರಾಗಿದೆ ಎಂದು ಅಕ್ಕ. ಕಸ ನನ್ನದಲ್ಲ ಎಂದು ಕಚ್ಚಾಡುವವರನ್ನು ಇನ್ಸ್‌ಪೆಕ್ಟರು ದಿನವೂ ನೋಡುತ್ತಿದ್ದರೇನೋ, ನನ್ನದೇ ಎಂದು ಜಗಳ ಮಾಡುವವರನ್ನು ಅವತ್ತೇ ಮೊದಲು ನೋಡಿರಬೇಕು. ಹೆಲ್ಮೆಟ್ಟು ಹಿಡಿದುಕೊಂಡು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದರು. ನಾಳೆಯೇ ಗಾಡಿ ಕಳಿಸುತ್ತೇನೆ, ಆದರೆ ಇನ್ನು ಮುಂದೆ ಈ ಸಿಪ್ಪೆಗೆ ಒಂದು ದಾರಿ ಮಾಡಿಕೊಳ್ಳಿ, ಮತ್ತೆ ದೂರು ಬಂದರೆ ನೋಟಿಸ್ ಕೊಡಬೇಕಾಗುತ್ತದೆ ಎಂದು ಹೇಳಿ ಹೊರಟರು. ಅವರು ತಿರುವು ದಾಟುವವರೆಗೆ ಇಬ್ಬರೂ ಹೆಂಗಸರು ನಿಂತಲ್ಲೇ ನಿಂತಿದ್ದರು. ಆಮೇಲೆ ಅಕ್ಕ ಒಳಗಿಂದ ತಮ್ಮ ಪೊರಕೆ ತಂದರು. ಒಬ್ಬರು ಆ ತುದಿಯಿಂದ, ಒಬ್ಬರು ಈ ತುದಿಯಿಂದ ಗುಡಿಸುತ್ತಾ ಬಂದರು.

ಸಂಜೆ ನಾನು ಅತ್ತೆಯನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನಾ ಬೈಯೋದು ಬ್ಯಾರೆ, ಯಾರೋ ಬೈಕಿನ್ಯಾಗ ಬಂದು ಬೈಯೋದು ಬ್ಯಾರೆ. ಆಕಿ ಮುಖ ನೋಡಿದೇನು ನೀನು? ನೋಡಾಕಾಗ್ಲಿಲ್ಲ ನನಗ."

ದಾರಿ ಸಿಕ್ಕಿದ್ದು ನನ್ನ ತವರಿನ ಕಡೆಯಿಂದ. ನನ್ನ ಅಣ್ಣ ಹರಿಹರದಲ್ಲಿದ್ದಾನೆ. ಕಡರನಾಯಕನಹಳ್ಳಿಯಲ್ಲಿ ಅವನದೊಂದು ಸಣ್ಣ ತೋಟ, ತೆಂಗಿನ ಸಸಿ ಇಟ್ಟಿದ್ದಾನೆ, ನಡುವೆ ಸೊಪ್ಪು, ಬದನೆ. ಲಗೇಜ್ ಆಟೋದಲ್ಲಿ ತರಕಾರಿ ತುಂಬಿಕೊಂಡು ದಾವಣಗೆರೆ ಮಾರ್ಕೆಟ್ಟಿಗೆ ಬರುತ್ತಾನೆ, ಹೋಗುವಾಗ ಖಾಲಿ ಹೋಗುತ್ತಾನೆ. ದೀಪಾವಳಿಯ ಸೀರೆ ಕೊಡಲು ಬಂದವನು ಈ ಕಥೆಯನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, ಸಸಿಗಳ ಬುಡಕ್ಕೆ ಹಾಕಲು ಒಣ ಎಲೆ ಹುಡುಕಿಕೊಂಡು ನಾನು ಗುತ್ತೂರಿನವರೆಗೆ ಅಲೆಯುತ್ತೇನೆ, ನೀವು ಇಲ್ಲಿ ರಸ್ತೆಗೆ ಎಸೆಯುತ್ತಿದ್ದೀರಲ್ಲ ಎಂದ. ಸಿಪ್ಪೆಯೂ ಇರಲಿ, ಎಲೆಯೂ ಇರಲಿ, ಚೀಲದಲ್ಲಿ ತುಂಬಿಡಿ, ಬಟ್ಟೆ ಚೂರು, ಪ್ಲಾಸ್ಟಿಕ್ ಮಾತ್ರ ಸೇರಿಸಬೇಡಿ ಎಂದು ಹೇಳಿದ. ಮಾರನೇ ವಾರದಿಂದ ಅವನ ಆಟೋ ನಮ್ಮ ಓಣಿಗೆ ಬರತೊಡಗಿತು. ಅಕ್ಕನ ಗಂಡ ಡ್ರಮ್ಮಿಗೆ ಮುಚ್ಚಳ ತಂದರು. ಚೀಲದ ಬಾಯಿ ಕಟ್ಟುವ ಕೆಲಸ ಅತ್ತೆ ತಾವೇ ವಹಿಸಿಕೊಂಡರು. ಅಕ್ಕನ ಗಂಟು ಬಿಗಿ ಇರುವುದಿಲ್ಲ ಎಂಬುದು ಅವರ ಅಭಿಪ್ರಾಯ.

ಆ ಬೇಸಿಗೆಯಲ್ಲಿ ಒಂದು ಅಮಾವಾಸ್ಯೆ, ಮಿರ್ಚಿ ಗಾಡಿಗೆ ರಜೆ. ಸಿಪ್ಪೆ ಏನಾಯಿತೆಂದು ನೋಡಬೇಕು ಎಂದು ಅಕ್ಕ ಎಂದರು. ಅತ್ತೆಯೂ ಹೊರಟರು. ಮೂವರೂ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ಅಲ್ಲಿಂದ ಅಣ್ಣನ ಆಟೋ ಹತ್ತಿದೆವು. ತೋಟದ ಬದುವಿನಲ್ಲಿ ಗುಂಡಿ ತೋಡಿ ಸಿಪ್ಪೆ, ಎಲೆ, ಸಗಣಿ ಪದರ ಪದರವಾಗಿ ಹಾಕಿದ್ದ. ಒಂದು ಮೂಲೆಯನ್ನು ಸಲಿಕೆಯಿಂದ ಬಗೆದು ತೋರಿಸಿದ. ಕರ್ರಗಿನ ಮಣ್ಣು, ಸಿಪ್ಪೆಯ ಗುರುತೇ ಇಲ್ಲ. ಅಂಗಳದಲ್ಲಿ ಒಂದು ಕಡ್ಡಿ ಸಹಿಸದ ಅತ್ತೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ತೆಗೆದು ಮೂಸಿ ನೋಡಿದರು. ಆಮೇಲೆ ಅಕ್ಕನ ಮೂಗಿನ ಹತ್ತಿರವೂ ಹಿಡಿದರು. ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ ಎಂದು ಅಕ್ಕ. ಅಲ್ಲ, ಹದಡಿಯ ನಮ್ಮಪ್ಪನ ತಿಪ್ಪೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಅತ್ತೆ.

ಬರುವಾಗ ಹರಿಹರದ ಹೊಳೆ ದಂಡೆಯಲ್ಲಿ ಕೂತೆವು. ಬೇಸಿಗೆಯಾದ್ದರಿಂದ ತುಂಗಭದ್ರೆಯಲ್ಲಿ ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. ಅಕ್ಕ ಚೀಲದಿಂದ ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಬೆಳಿಗ್ಗೆ ಕರಿದ ಮಿರ್ಚಿ ತೆಗೆದು ಅಲ್ಲೇ ಕಲಸಿದರು. ಮಿರ್ಚಿ ಹಿಟ್ಟಿಗೆ ಓಮು ಸಾಲದು ಎಂದು ಅತ್ತೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಅಂದರೆ ತಿಂದವರು ನೀವೇ ಎಂದಾಯಿತಲ್ಲ ಎಂದು ಅಕ್ಕ ನನ್ನ ಕಡೆ ನೋಡಿ ನಕ್ಕರು. ಅತ್ತೆಯೂ ನಕ್ಕರು. ನನಗೆ ತವರಿನ ಹೊಳೆ, ಇಬ್ಬರು ನಗುವ ಹೆಂಗಸರು, ಕೈಯಲ್ಲಿ ಮಂಡಕ್ಕಿ. ಅಷ್ಟು ಹಗುರವಾದ ಮಧ್ಯಾಹ್ನ ಮದುವೆಯಾದ ಮೇಲೆ ನನಗೆ ಸಿಕ್ಕಿರಲಿಲ್ಲ.

ಜಗಳ ಪೂರ್ತಿ ಮುಗಿದಿದೆ ಎಂದು ಹೇಳಲಾರೆ. ಈಗ ಇಬ್ಬರ ಬಳಿಯೂ ಅಣ್ಣನ ನಂಬರ್ ಇದೆ, ಅತ್ತೆಗೂ ಫೋನ್ ಮಾಡುವುದನ್ನು ಕಲಿಸಿದ್ದೇನೆ. ಹಿಂದಿನ ವಾರ ಫೋನ್ ಮಾಡಿ ಅವನು ನನಗೆ ಹೇಳಿದ: ನಮ್ಮ ಎಲೆಯ ಚೀಲ ಮೊದಲು ಹೇರು ಎಂದು ಅತ್ತೆ ಬೆಳಿಗ್ಗೆ ಫೋನ್ ಮಾಡಿದ್ದರಂತೆ, ನಮ್ಮ ಸಿಪ್ಪೆಯ ಚೀಲ ಮೊದಲು ಎಂದು ಅಕ್ಕ ಮಧ್ಯಾಹ್ನ. "ನೀ ಏನಂದಿ?" ಎಂದು ಕೇಳಿದೆ. ಇಬ್ಬರಿಗೂ ಆಯಿತು ಎಂದು ಹೇಳಿದ್ದೇನೆ ಎಂದ.