ಲಗಮಪ್ಪನ ಮೈಲು

ನನ್ನ ಬೆನ್ನಿನ ಮೂರು ಮಣಿಗಳನ್ನು ಸಡಿಲು ಮಾಡಿದವನು ನನ್ನ ಚಿಕ್ಕಪ್ಪನ ಮಗ ಲಗಮಪ್ಪ. ಹೊಡೆದು ಬಡಿದು ಮಾಡಲಿಲ್ಲ. ಏನನ್ನೂ ಕೈಯಿಂದ ಮುಟ್ಟದೆ, ಮರದ ಕೆಳಗೆ ಮಲಗಿಕೊಂಡೇ ಮಾಡಿದ. ಅದಕ್ಕೇ ನನಗೆ ಇನ್ನೂ ಸಿಟ್ಟು.

೧೯೭೩ರ ಮಾತು. ನಾನು ಕಟಕೋಳದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ ಮಾಸ್ತರ, ಮನೆ ಮುನವಳ್ಳಿಯಲ್ಲಿ. ದಿನಾ ಕೆಂಪು ಬಸ್ಸಿನಲ್ಲಿ ಹೋಗಿ ಕೆಂಪು ಬಸ್ಸಿನಲ್ಲಿ ಬರಬೇಕು. ಬರುವ ದಾರಿಯಲ್ಲಿ, ಮುನವಳ್ಳಿ ಇನ್ನು ಎರಡು ಮೈಲಿದೆ ಎನ್ನುವಾಗ ಲಗಮಪ್ಪನ ರಸ್ತೆ ಸುರುವಾಗುತ್ತಿತ್ತು. ಅವನಪ್ಪ ರಸ್ತೆ ಕೂಲಿಯಾಗಿದ್ದ. ಅಪ್ಪ ತೀರಿಕೊಂಡ ಮೇಲೆ ರಸ್ತೆ ಇಲಾಖೆಯ ಸಾಹೇಬರು ಮಗನಿಗೆ ಅದೇ ಕೆಲಸ, ಅದೇ ಸಲಿಕೆ, ಅದೇ ಒಂದು ಮೈಲು ಕೊಟ್ಟರು. ಸರ್ಕಾರ ಕಲ್ಲುಗಳ ಮೇಲೆ ಕಿಲೋಮೀಟರ್ ಬರೆಸಿ ಎಷ್ಟೋ ದಿನವಾಗಿತ್ತು, ಆದರೆ ನಮ್ಮ ಬಾಯಲ್ಲಿ ಇನ್ನೂ ಮೈಲೇ ಇತ್ತು. ಆ ಮೈಲಿನ ತಗ್ಗು ಮುಚ್ಚುವುದು, ಬದಿಯ ಗಟಾರ ತೋಡುವುದು, ಇಷ್ಟೇ ಅವನ ನೌಕರಿ.

ಅವನು ಮಾಡುತ್ತಿದ್ದದ್ದು ಬೇರೆ. ಬೆಳಿಗ್ಗೆ ಹೋಗಿ ರಸ್ತೆಯ ಬದಿಗೆ ಒಂದು ಕೆಂಪು ಬಾವುಟ ನೆಡುವುದು. ಅದರ ಪಕ್ಕ ಬುಟ್ಟಿ ಬೋರಲು ಹಾಕಿ ಮೇಲೆ ಸಲಿಕೆ ಇಡುವುದು. ನೋಡಿದವರಿಗೆ ಕೆಲಸ ಜೋರು ನಡೆದಿದೆ, ಮನುಷ್ಯ ಈಗಷ್ಟೇ ನೀರು ಕುಡಿಯಲು ಹೋಗಿದ್ದಾನೆ ಅನ್ನಿಸಬೇಕು. ಆಮೇಲೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಬಿದ್ದರೆ ಬಿಸಿಲು ಇಳಿದ ಮೇಲೇ ಏಳುವುದು. ಒಮ್ಮೆ ಬಸ್ಸು ಅಲ್ಲೇ ಕೆಟ್ಟು ನಿಂತಾಗ ನಾನು ಇಳಿದು ಹೋಗಿ ಅವನನ್ನು ಅಲುಗಾಡಿಸಿ ಎಬ್ಬಿಸಿದೆ.

"ಏನಪಾ, ಒಂದರ ತಗ್ಗು ಮುಚ್ಚಬಾರದ?"

"ಅಣ್ಣಾ, ಸ್ವಲ್ಪ ವಿಚಾರ ಮಾಡು," ಎಂದು ಅವನು ಆಕಳಿಸುತ್ತಲೇ ನನಗೆ ಪಾಠ ಹೇಳಿದ. "ಸಾಹೇಬರ ಜೀಪು ಈ ತಗ್ಗಿನ್ಯಾಗ ಇಳೀತಂದ್ರ ಅರ್ಧ ಮೈಲಿಗೆ ಧಡಬಡ ಕೇಳತೈತಿ. ನಾ ಎದ್ದು ಸಲಿಕಿ ಹಿಡಕೊಂಡು ನಿಂದರತೇನಿ. ತಗ್ಗು ಮುಚ್ಚಿದ್ರ ಜೀಪು ಸಪ್ಪಳಿಲ್ಲದ ಬಂದು ನನ್ನ ಹಿಡೀತೈತಿ. ಹೊಟ್ಟಿ ಮ್ಯಾಲ ಕಲ್ಲು ಹಾಕೊಳ್ಳಲೇನು?"

ಈ ತಲೆ ನನ್ನ ಶಾಲೆಯ ಹುಡುಗರಿಗಿದ್ದಿದ್ದರೆ ಅರ್ಧ ಜನ ಮ್ಯಾಟ್ರಿಕ್ ದಾಟುತ್ತಿದ್ದರು.

ಹೀಗಾಗಿ ಅವನ ರಸ್ತೆಗೆ ಹೆಸರು ಬಂತು. ಬಸ್ಸಿನ ಕಂಡಕ್ಟರ್ ಸಂಗಪ್ಪ ಸೀಟಿನ ಕಂಬಿಗೆ ತೆಕ್ಕೆ ಹಾಯ್ದು, "ಲಗಮಪ್ಪನ ಮೈಲು ಬಂತು! ಹಿಡಕೋರಿ!" ಎಂದು ಕೂಗುತ್ತಿದ್ದ. ತಾಯಂದಿರು ಕೂಸುಗಳನ್ನು ಅವಚಿಕೊಳ್ಳುತ್ತಿದ್ದರು. ಮಾತಾಡುತ್ತಿದ್ದವರು ನಾಲಿಗೆ ಕಚ್ಚಿಕೊಂಡೇವು ಎಂದು ಬಾಯಿ ಮುಚ್ಚುತ್ತಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು ಗುಡ್ಡ ಕಾಣುವ ಎಷ್ಟೋ ಮೊದಲೇ ಇಲ್ಲೇ ಉಧೋ ಉಧೋ ಅನ್ನುತ್ತಿದ್ದರು. ಹಲ್ಲು ಅಲುಗಾಡುವ ಹುಡುಗರನ್ನು, ದಿನ ತುಂಬಿದರೂ ಹೆರಿಗೆಯಾಗದ ಸೊಸೆಯರನ್ನು ಆ ಬಸ್ಸಿನಲ್ಲಿ ಒಂದು ಸುತ್ತು ತಿರುಗಿಸಿ ತರಬೇಕೆಂದು ಊರ ಕಟ್ಟೆಯಲ್ಲಿ ಚೇಷ್ಟೆ ನಡೆಯುತ್ತಿತ್ತು. ಲಗಮಪ್ಪನಿಗೆ ಇದರಿಂದ ನಾಚಿಕೆಯಾಯಿತೇ? ಛೇ, ಎದೆ ಉಬ್ಬಿತು.

"ಆಮದಾರರ ಹೆಸರರ ದಿನಾ ಎರಡು ಹೊತ್ತು ಬಸ್ಸಿನ್ಯಾಗ ಕೂಗತಾರೇನಣ್ಣಾ?" ಎಂದು, ಶಾಸಕರಿಗಿಂತ ತಾನೇ ದೊಡ್ಡವನೆಂಬಂತೆ, ನನ್ನನ್ನೇ ಕೇಳಿದ.

ಅದೇ ಬೇಸಿಗೆಯಲ್ಲಿ ಅವನು ಕಟಕೋಳಕ್ಕೆ ಒಂದು ಮದುವೆಯ ಊಟಕ್ಕೆ ಹೋದ. ಅಲ್ಲಿ ಸಾವಂತ್ರೆವ್ವ ಎಂಬ ಹುಡುಗಿ ಹುಗ್ಗಿ ಬಡಿಸುತ್ತ ಬಂದಳು. ಇವನು ಸಾಕು ಅನ್ನುವುದನ್ನು ಮರೆತು ಅವಳ ಮುಖ ನೋಡುತ್ತ ಕುಳಿತ. ಅವಳೂ ಹಟಮಾರಿ. ಎಲೆ ತುಂಬಿ ಹುಗ್ಗಿ ತೊಡೆಯ ಮೇಲೆ ಹರಿಯುವವರೆಗೆ ಬಡಿಸಿ, "ಇನ್ನಷ್ಟು ನೀಡಲೇನ್ರಿ?" ಎಂದು ಕೇಳಿದಳು. ಊರಿಗೆ ಬಂದವನೇ ತನ್ನವ್ವ ಸುಂದರವ್ವನ ಮುಂದೆ ಕುಳಿತು, ಮದುವೆಯಾದರೆ ಅವಳನ್ನೇ, ಇಲ್ಲದಿದ್ದರೆ ಈ ಜನ್ಮಕ್ಕೆ ಬೇಡ ಎಂದ. ಊಟ ಬಿಟ್ಟ. ನಿದ್ದೆ ಬಿಟ್ಟ ಎಂದು ಅವನೇ ಹೇಳಿಕೊಂಡ. ಬೇವಿನ ಮರವನ್ನು ಕೇಳಿದ್ದರೆ ಬೇರೆ ಹೇಳುತ್ತಿತ್ತು.

ಕಾರಹುಣ್ಣಿಮೆ ಮುಗಿದ ಮೇಲಿನ ರವಿವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಹುಡುಗಿಯ ಅಪ್ಪ ಬಂದಿದ್ದ, ಆದರೆ ಅವರ ಮನೆಯಲ್ಲಿ ಮಾತು ನಡೆಯುವುದು ಅಜ್ಜಿ ಬಾಯವ್ವನದು. ಹೊಸ ಬೀಗರ ಮನೆಗೆಂದು ಅಜ್ಜಿ ತನ್ನ ಎಮ್ಮೆಯ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಹೊಸ್ತಿಲಲ್ಲಿ ಅವಳನ್ನು ನೋಡಿ ನಮಗೆಲ್ಲ ಜೀವ ಹಾರಿತು. ತಲೆಯಿಂದ ಸೆರಗಿನವರೆಗೆ ಮೊಸರು. ಗಡಿಗೆ ಬರಿದು.

"ಹುಡುಗನ ಹೆಸರೇನು?" ಅಜ್ಜಿ ಕುಳಿತುಕೊಳ್ಳಲೂ ಇಲ್ಲ.

"ಲಗಮಪ್ಪ ರೀ," ಎಂದಳು ಸುಂದರವ್ವ.

"ಕೆಲಸ?"

"ಸರಕಾರಿದು ರೀ. ರಸ್ತೆದು."

ಅಜ್ಜಿ ಕಿವಿಯೊಳಗಿನ ಮೊಸರನ್ನು ಬೆರಳಿನಿಂದ ತೆಗೆದಳು. "ಯಾ ರಸ್ತೆ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದೆ.

"ಹಿಡಕೋರಿ ಹಿಡಕೋರಿ ಅಂತ ಆ ಕಂಡಕ್ಟರ ಒದರಿದ್ದು ಇವನ ಹೆಸರ? ಒಂದು ಮೈಲು ನೆಲಾ ನೋಡಕೊಳ್ಳಾಕ ಆಗದಾವ ನನ್ನ ಮೊಮ್ಮಗಳನ್ನ ಏನು ನೋಡಕೋತಾನ? ಏಳೋ, ಹೋಗೂಣು!" ಎಂದು ಅಜ್ಜಿ ಆಗತಾನೇ ಕುಳಿತ ಮಗನನ್ನು ಎಬ್ಬಿಸಿದಳು.

ಲಗಮಪ್ಪ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತ. ಅವನು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. "ಅಜ್ಜಿ, ಒಂದ ಸಲ ನೋಡ್ರಿ. ನಾ ರಸ್ತೆ ಸುದ್ದ ಮಾಡತೇನಿ. ಖರೇನ ಮಾಡತೇನಿ," ಎಂದು ಕೈ ಮುಗಿದ. ಕಣ್ಣಲ್ಲಿ ನೀರಿತ್ತು. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದಸರಾ ಮುಗದು ಸೀಗಿಹುಣ್ಣಿಮಿ ಆದ ಮ್ಯಾಲಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರತೇನಿ. ಹಿಂಗ ಗಡಿಗಿ ತುಂಬ ಮೊಸರು ತರತೇನಿ, ಬಾಯಿಗೆ ಅರಿವಿ ಕಟ್ಟೂದಿಲ್ಲ. ನಿನ್ನ ಮೈಲಿನ್ಯಾಗ ಒಂದ ಹನಿ ಚೆಲ್ಲಿತೋ, ಸಾವಂತ್ರೆವ್ವನ ಹೆಸರು ಎತ್ತಬ್ಯಾಡ. ರಾಮದುರ್ಗದಾಗ ಮಗ್ಗ ಇದ್ದ ಮನಿ ಹುಡುಗ ಒಬ್ಬಾವ ತಯಾರ ಕುಂತಾನ."

ಮರುದಿನ ಬೇವಿನ ಮರದ ಕೆಳಗೆ ಕಂಬಳಿ ಇರಲಿಲ್ಲ. ಲಗಮಪ್ಪ ಹುಚ್ಚನಂತೆ ಮಣ್ಣು ಹೊತ್ತ. ಎಂಟು ದಿನದಲ್ಲಿ ಎಲ್ಲ ತಗ್ಗುಗಳನ್ನೂ ತುಂಬಿ, ಅಂಗೈಯ ಬೊಬ್ಬೆಗಳನ್ನು ಓಣಿಗೆಲ್ಲ ತೋರಿಸಿ ಬಂದ. ಒಂಬತ್ತನೆಯ ದಿನ ಮಳೆ ಬಂತು. ಹತ್ತನೆಯ ದಿನ ಬಸ್ಸು ಬಂದು ಆ ಮಣ್ಣನ್ನೆಲ್ಲ ಹೊರಗೆ ಎರಚಿ ಹೋಯಿತು. ಅವನು ಡ್ರೈವರನನ್ನು ಬೈದ, ಮೋಡವನ್ನು ಬೈದ, ಸತ್ತ ಅಪ್ಪನನ್ನೂ ಬೈದ. ಮತ್ತೆ ತುಂಬಿದ. ಮತ್ತೆ ಹೋಯಿತು.

ಆಷಾಢದ ಒಂದು ದಿನ ನಾನು ಶಾಲೆಗೆ ಹೋಗುವಾಗ ಅವನು ಗೋಣಿಚೀಲ ತಲೆಗೆ ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲಿ ಒಂದು ತಗ್ಗಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಸಂಜೆ ಬರುವಾಗಲೂ ಅಲ್ಲೇ ಕುಳಿತಿದ್ದ. "ಮುಗೀತು, ತಗ್ಗಿನ ಜೋಡಿ ಮಾತಾಡಾಕ ಹತ್ತ್ಯಾನ," ಎಂದ ಸಂಗಪ್ಪ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ದೀಪ ಹಚ್ಚುವ ಹೊತ್ತಿಗೆ ಅವನು ತೊಯ್ದು ತೊಪ್ಪೆಯಾಗಿ ನಮ್ಮ ಮನೆಗೆ ಬಂದ.

"ಅಣ್ಣಾ, ತಗ್ಗಿಂದು ತಪ್ಪಿಲ್ಲ. ನೀರಿಗೆ ಹೋಗಾಕ ದಾರಿ ಇಲ್ಲ, ಅದಕ್ಕ ರಸ್ತೆ ನಡುವ ಕುಂಡರತೈತಿ. ಕುಂತು ಕುಂತು ಎಲ್ಲಾ ಕೆಡಸತೈತಿ. ಥೇಟ್ ನನ್ನಂಗ."

ಅಂದಿನಿಂದ ಅವನು ತಗ್ಗನ್ನು ಬಿಟ್ಟು ಗಟಾರ ಹಿಡಿದ. ಎರಡೂ ಬದಿಗೆ ನೀರಿಗೆ ದಾರಿ ಮಾಡಿದ. ರಸ್ತೆಯ ನಡುವನ್ನು ರೊಟ್ಟಿ ಉಬ್ಬಿದ ಹಾಗೆ ತುಸು ಎತ್ತರಿಸಿದ. ತಗ್ಗಿನ ಅಂಚುಗಳನ್ನು ನೇರವಾಗಿ ಕಡಿದು, ಹಳ್ಳದ ದಂಡೆಯ ಗರಸು ಮಣ್ಣು ಹಾಕಿ, ನೀರು ಹೊಡೆದು, ಕಬ್ಬಿಣದ ಧುಮ್ಮಸಿನಿಂದ ದಿನವಿಡೀ ಬಡಿದ. ಈ ಸಲ ಮಳೆ ಬಂದಾಗ ಮಣ್ಣು ಕದಲಲಿಲ್ಲ. ಅವನು ಓಡಿ ಬಂದು ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ, ಒಂದು ಮೊಳ ಉದ್ದದ ತೇಪೆಯನ್ನು ಹಡೆದ ಕೂಸನ್ನು ತೋರಿಸುವ ಹಾಗೆ ತೋರಿಸಿದ. ಮಳೆಯಲ್ಲಿ ತೊಯ್ಯುತ್ತ ಮಣ್ಣು ನೋಡಲು ನನಗೇನು ಹುಚ್ಚೇ? ಆದರೂ ನೋಡಿದೆ.

ಮೊದಮೊದಲು ನಾನು ಬಸ್ಸಿಳಿದ ಕೂಡಲೇ, "ಕಟಕೋಳದ ಕಡೆ ಏನರ ಸುದ್ದಿ ಐತೇನಣ್ಣಾ?" ಎಂದು ಕೇಳುತ್ತಿದ್ದ. ನವರಾತ್ರಿಯ ಹೊತ್ತಿಗೆ, "ಮೂರನೇ ಮೋರಿ ಹಂತೇಕ ಬಸ್ಸು ಎಡಕ್ಕ ವಾಲೇತೇನು?" ಎಂದು ಕೇಳತೊಡಗಿದ. ಬಂಡಿಯವರು ಒಂದೇ ಜಾಡಿನಲ್ಲಿ ಗಾಲಿ ಹೊಡೆದರೆ ಅವರ ಹಿಂದೆ ಓಡಿ ಜಗಳ ತೆಗೆಯುತ್ತಿದ್ದ. ಕುರಿಗಳು ಗಟಾರದಂಚು ತುಳಿದರೆ ಕುರಿಗಳಿಗೇ ಬುದ್ಧಿ ಹೇಳುತ್ತಿದ್ದ. ಹೊತ್ತು ಮುಳುಗಿದರೂ ಮನೆಗೆ ಬರುತ್ತಿರಲಿಲ್ಲ. ಯಾಕೋ ಇಷ್ಟು ಸಾಯುತ್ತೀ ಎಂದು ಕೇಳಿದರೆ ತಲೆ ಕೆರೆದುಕೊಂಡ. "ಯಾರಿಗ್ಗೊತ್ತಣ್ಣಾ. ಸಂಜೀಕ ಹೊಳ್ಳಿ ನೋಡಿದ್ರ ಹೊಟ್ಟಿ ತುಂಬಿದಂಗ ಆಗತೈತಿ."

ಆ ಮಾತು ನನಗೆ ಚುಚ್ಚಿತು. ಹಲಗೆಯ ಮೇಲೆ ಉದ್ದುದ್ದ ಲೆಕ್ಕ ಬರೆದಿಟ್ಟು, ಹುಡುಗರು ಅದನ್ನು ಬಿಡಿಸುವವರೆಗೆ ಕುರ್ಚಿಯಲ್ಲೇ ಕಣ್ಣು ಮುಚ್ಚುವ ರೂಢಿ ನನಗೂ ಇತ್ತು. ಬಾವುಟ ಒಂದು ನೆಟ್ಟಿರಲಿಲ್ಲ, ಅಷ್ಟೇ.

ಸೀಗಿಹುಣ್ಣಿಮೆ ಮುಗಿದು ಆ ಶನಿವಾರ ಬಂತು. ಅರ್ಧ ದಿನದ ಶಾಲೆ ಮುಗಿಸಿ ನಾನು ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಬಾಯವ್ವಜ್ಜಿ, ಪಕ್ಕದಲ್ಲಿ ಮಗ, ತೊಡೆಯ ಮೇಲೆ ಬಾಯಿವರೆಗೆ ಮೊಸರು ತುಂಬಿದ ಗಡಿಗೆ. ಹೇಗೋ ಏನೋ, ದಾರಿಯುದ್ದಕ್ಕೂ ಅಜ್ಜಿ ಗಡಿಗೆಯನ್ನು ಎತ್ತಿ ಹಿಡಿದು, ವಾಲಿಸಿ, ಕಾಪಾಡಿಕೊಂಡು ಬಂದಳು. ಲಗಮಪ್ಪನ ಮೈಲು ಬಂತು. ಸಂಗಪ್ಪ ಕೂಗಲಿಲ್ಲ, ಹಿಡಿದುಕೊಳ್ಳುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಬಸ್ಸು ಎಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಇಷ್ಟೊತ್ತು ಹಲ್ಲು ಕಚ್ಚಿ ಕುಳಿತಿದ್ದ ಅಜ್ಜಿಗೆ ತಂಪು ಗಾಳಿ ಬಡಿದು ಕತ್ತು ಎದೆಗೆ ಇಳಿಯಿತು. ಗೊರಕೆ ಸುರುವಾಯಿತು. ಡ್ರೈವರನಿಗೂ ಉಮೇದು ಬಂದು, ಆ ರಸ್ತೆಯಲ್ಲಿ ಎಂದೂ ಓಡಿಸದಷ್ಟು ಜೋರು ಓಡಿಸಿದ.

ಮೈಲು ಮುಗಿಯಿತು. ಮುಂದಿನದು ಶಟ್ಟೆಪ್ಪ ಎಂಬ ಇನ್ನೊಬ್ಬ ಕೂಲಿಯ ಮೈಲು. ಅದರ ಮೊದಲ ತಗ್ಗಿಗೆ ಬಸ್ಸು ಅದೇ ವೇಗದಲ್ಲಿ ಇಳಿಯಿತು. ಮೊಸರು ಛಾವಣಿಯವರೆಗೆ ಹಾರಿ, ಅಜ್ಜಿಯ ಮೇಲೆ ಇಳಿಯಿತು.

"ಚೆಲ್ಲಿತು! ನೋಡ್ರಿ, ಅವನ ಮೈಲಿನ್ಯಾಗ ಚೆಲ್ಲಿತು!" ಎಂದು ಅಜ್ಜಿ ಕಣ್ಣು ಬಿಡುತ್ತಲೇ ಚೀರಿದಳು. ಮಗ ಕಿಟಕಿಯ ಹೊರಗೆ ನೋಡಿದ. ಸಂಗಪ್ಪ ಟಿಕೀಟು ಹರಿಯತೊಡಗಿದ. ನಾನಾದರೂ ಹೇಳಬೇಕಿತ್ತು. ಆದರೆ ಮುಖದ ತುಂಬ ಮೊಸರಾದ ಮುದುಕಿಗೆ, ನೀವು ಗೊರಕೆ ಹೊಡೆಯುತ್ತಿದ್ದಿರಿ ಎಂದು ಹೇಳುವ ಎದೆಗಾರಿಕೆ ನನಗಿರಲಿಲ್ಲ. ಇವತ್ತಿಗೂ ಇಲ್ಲ.

ಸ್ಟ್ಯಾಂಡಿನಲ್ಲಿ ಲಗಮಪ್ಪ ಒಗೆದ ಅಂಗಿ ಹಾಕಿಕೊಂಡು ತನ್ನವ್ವನ ಜೊತೆ ನಿಂತಿದ್ದ. ಅಜ್ಜಿ ಇಳಿದು ಗಡಿಗೆಯನ್ನು ಅವನ ಮೂಗಿನ ಮುಂದೆ ಹಿಡಿದಳು. "ಹನಿ ಅಲ್ಲಪಾ, ಗಡಿಗೀನ ಬರಿದಾತು. ಮುಗೀತು ಮಾತು."

ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಕಾಲು ಹಿಡಿಯುತ್ತಾನೆ ಎಂದುಕೊಂಡೆ.

"ಎಲ್ಲಿ ಚೆಲ್ಲಿತು?" ಎಂದ.

"ನಿನ್ನ ಮೈಲಿನ್ಯಾಗ."

"ಸಾಧ್ಯನ ಇಲ್ಲ. ಹೆಣ್ಣು ಕೊಡಬ್ಯಾಡ್ರಿ, ನಿಮ್ಮ ಮರ್ಜಿ. ಆದ್ರ ನನ್ನ ಮೈಲಿನ್ಯಾಗ ಚೆಲ್ಲಿತು ಅನ್ನಬ್ಯಾಡ್ರಿ. ಬರ್ರಿ, ಜಾಗಾ ತೋರಸ್ರಿ!"

ಸುಂದರವ್ವ ಹಣೆ ಹಣೆ ಬಡಿದುಕೊಂಡಳು. ಅಜ್ಜಿಯೂ ಸೋಲುವವಳಲ್ಲ. ಮುಖ ತೊಳೆದುಕೊಂಡು, ಬಾಯಿಗೆ ಒಂದು ಹಿಡಿ ಎಲೆ ತಂಬಾಕು ತುಂಬಿಕೊಂಡು, ನಡಿ ಎಂದಳು. ಅವಳ ಹಿಂದೆ ಮಗ, ಅವನ ಹಿಂದೆ ನಾನು. ಶಟ್ಟೆಪ್ಪನ ಮೈಲಿನಲ್ಲಿ ಅಜ್ಜಿ ಎರಡು ಸಲ ಎಡವಿ ಕಾಲ್ಬೆರಳು ಒಡೆದುಕೊಂಡಳು. ಮೈಲುಗಲ್ಲು ದಾಟಿ ಲಗಮಪ್ಪನ ಮೈಲಿಗೆ ಕಾಲಿಟ್ಟ ಮೇಲೆ ಅವಳ ನಡಿಗೆ ನಿಧಾನವಾಯಿತು. ಬರಿಗಾಲಿನಿಂದ ನೆಲವನ್ನು ಒತ್ತಿ ಒತ್ತಿ ನೋಡಿದಳು. ಲಗಮಪ್ಪ ಹಿಂದೆ ಮುಂದೆ ಓಡಾಡುತ್ತ, ಇಲ್ಲಿ ಮೊಣಕಾಲುದ್ದ ತಗ್ಗಿತ್ತು, ಇಲ್ಲಿ ನೀರು ನಿಲ್ಲುತ್ತಿತ್ತು, ಈ ಮೋರಿ ನನ್ನನ್ನು ಹದಿನೈದು ದಿನ ಅಳಿಸಿತು ಎಂದು ಒಂದೇ ಸಮನೆ ಹೇಳುತ್ತಿದ್ದ. ಸಾವಂತ್ರೆವ್ವ ಎಂಬ ಹುಡುಗಿ ಭೂಮಿಯ ಮೇಲೆ ಇದ್ದಾಳೆಂಬುದೇ ಅವನಿಗೆ ಮರೆತಂತಿತ್ತು. ಅಜ್ಜಿಯ ಹುಬ್ಬು ಸಡಿಲವಾಯಿತು, ಅವಳ ಮಗ ನನ್ನ ಕಡೆ ನೋಡಿ ಕಣ್ಣು ಹೊಡೆದ. ಇನ್ನೇನು ಕೆಲಸ ಆಯಿತು ಎನ್ನುವಾಗ ಅಜ್ಜಿ ನಿಂತು, ಕೆನ್ನೆ ಉಬ್ಬಿಸಿ, ರಸ್ತೆಯ ನಡುವೆ ಉಗುಳಲು ಬಾಗಿದಳು.

"ಅಜ್ಜೀ! ಅಲ್ಲಿ ಉಗಳಬ್ಯಾಡ್ರಿ!"

ಅಜ್ಜಿ ಕಣ್ಣು ಕಿಸಿದು ಅವನನ್ನು ನೋಡಿದಳು, ಬಾಯಿ ತುಂಬಿದ್ದರಿಂದ ಮಾತಾಡುವ ಹಾಗಿರಲಿಲ್ಲ. ಗಟಾರದ ಕಡೆ ತಿರುಗಿದಳು.

"ಗಟಾರದಾಗೂ ಬ್ಯಾಡ್ರಿ, ನೀರು ಹರೀಬೇಕು. ಬದುವಿನಾಚೆ ಹೋಗ್ರಿ."

ಹೋಯಿತು, ಹುಡುಗಿ ರಾಮದುರ್ಗಕ್ಕೆ ಹೋದಳು ಎಂದುಕೊಂಡೆ. ಅಜ್ಜಿ ಸೀರೆಯ ನಿರಿಗೆ ಎತ್ತಿ ಹಿಡಿದು ಗಟಾರ ದಾಟಿದಳು, ಬದು ಹತ್ತಿ ಇಳಿದಳು, ಯಾರದೋ ಜೋಳದ ಹೊಲದಲ್ಲಿ ಉಗುಳಿ, ಅಷ್ಟೇ ನಿಧಾನವಾಗಿ ಮರಳಿ ಬಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮಗನಿಗೆ, "ರಾಮದುರ್ಗದವರಿಗೆ ಬ್ಯಾಡಂತ ಹೇಳಿ ಕಳಸು," ಎಂದಳು. ಆಮೇಲೆ ಲಗಮಪ್ಪನ ಕಡೆ ತಿರುಗಿ, "ನನ್ನ ಮೊಮ್ಮಗಳನ್ನ ನಿನಗ ಕೊಟ್ಟೇನಿ," ಎಂದಳು.

ಲಗಮಪ್ಪ ಕೆಳಗೆ ಕುಳಿತು, ಅಜ್ಜಿ ದಾಟುವಾಗ ತುಳಿದಿದ್ದ ಗಟಾರದ ಅಂಚನ್ನು ಕೈಯಿಂದ ತಟ್ಟಿ ಸರಿಮಾಡುತ್ತಿದ್ದ. ಅಜ್ಜಿ ಆ ಮಾತನ್ನು ಇನ್ನೊಂದು ಸಲ ಹೇಳಬೇಕಾಯಿತು.