ಕೆ ಅಂದರೆ ಕಡ್ಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಎರಡು ಜಾತಿ. ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕಿದ್ದರೆ ಕಡ್ಡಿ. ಗಿಡ್ಡಕ್ಕೆ, ದುಂಡಗೆ, ಹೊಟ್ಟೆ ತುಂಬ ಬೀಜವಿದ್ದರೆ ಡಬ್ಬಿ. ಮಾರುಕಟ್ಟೆಯಲ್ಲಿ ಡಬ್ಬಿಗೇ ಒಂದು ಕೈ ಹೆಚ್ಚಿನ ಮಾನ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾವೆಲ್ಲ ಸೇರಿ ಮಾಡಿದ ತಪ್ಪು ಇದರಿಂದಲೇ ಹುಟ್ಟಿತು. ಆಮೇಲೆ ನಾನೊಬ್ಬಳೇ ಮಾಡಿದ್ದಕ್ಕೆ ಈ ನೆಪ ನಡೆಯುವುದಿಲ್ಲ.

ನಾನು ಬ್ಯಾಡಗಿಯಲ್ಲೇ ಖಾರದ ಪುಡಿ ಮಾಡುವ ಕಾರ್ಖಾನೆಯೊಂದರ ಸ್ಯಾಂಪಲ್ ರೂಮಿನಲ್ಲಿದ್ದೇನೆ. ಬಂದ ಪ್ರತಿ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಇದು ಬೇಕು, ಇದು ಬೇಡ ಎಂದು ಹೇಳುವುದು ಕೆಲಸ. ಆಗ ಅಲ್ಲಿ ಇಬ್ಬರಿದ್ದೆವು. ನಾನು, ಮತ್ತು ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬ ಹೆಣ್ಣುಮಗಳು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಕೆಲಸ ಕಲಿಸಿದವರೇ ಅವರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಎಂದರೆ ಒಣಗಿದ ಮಾಲು, ಸುಮ್ಮನಿದ್ದರೆ ಹಸಿ. "ಕಾಯಿ ಸುಳ್ಳು ಹೇಳೂದಿಲ್ಲ ತಂಗಿ. ಹೇಳಾಂವ ಚೀಲಾ ತುಂಬಿದಾಂವ" ಎನ್ನುತ್ತಿದ್ದರು.

ನನ್ನದು ರಾಣೇಬೆನ್ನೂರು, ಅವರದು ದಾರಿಯ ಮೇಲಿನ ಕದರಮಂಡಲಗಿ. ಬಸ್ಸು ಫ್ರೀ ಆದಮೇಲೆ ಹೆಂಗಸರಿಗೆ ನಿಲ್ಲಲೂ ಜಾಗ ಸಿಗದ ಪರಿಸ್ಥಿತಿ. ನಾನು ಸ್ಟ್ಯಾಂಡಿನಲ್ಲೇ ಹತ್ತಿ ಪಕ್ಕದ ಸೀಟಿನ ಮೇಲೆ ನನ್ನ ಬುತ್ತಿಚೀಲ ಇಟ್ಟು ಅಕ್ಕಾರಿಗೆ ಜಾಗ ಹಿಡಿಯುತ್ತಿದ್ದೆ. ಅದಕ್ಕಾಗಿ ಎಷ್ಟು ಜನರ ಬಾಯಿಗೆ ಬಿದ್ದಿದ್ದೇನೋ ಲೆಕ್ಕವಿಲ್ಲ. ನನ್ನ ಬಾಯಿಯೂ ಕಡಿಮೆಯದಲ್ಲ.

ಹೋದ ವರ್ಷ ಮಾಲಕರು ಕಾರ್ಖಾನೆಯನ್ನು ಹೊರಗಿನ ದೊಡ್ಡ ಕಂಪನಿಗೆ ಮಾರಿದರು. ಮೊದಲು ಬಣ್ಣ ಅಳೆಯುವ ಯಂತ್ರ ಬಂತು. ಅದರ ಹಿಂದೆ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. ಘಾಟಿಗೆ ಒಂದೇ ಸಮನೆ ಸೀನುತ್ತ, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಎಲ್ಲರ ಹೆಸರು, ವಯಸ್ಸು, ಓದು ಬರೆದುಕೊಂಡರು. "ಏನೂ ಗಾಬರಿ ಬೇಡ" ಎಂದರು. ಅಲ್ಲಿಯವರೆಗೆ ಯಾರಿಗೂ ಗಾಬರಿ ಇರಲಿಲ್ಲ, ಅವರ ಮಾತಿನಿಂದಲೇ ಶುರುವಾಯಿತು.

ಆಫೀಸಿಗೆ ಚಹಾ ಕೊಡುವ ಕಾಕಾ ಸಾಹೇಬರ ಮೇಜಿನ ಮೇಲೆ ಒಂದು ಪಟ್ಟಿ ನೋಡಿ ಬಂದ. ಎಲ್ಲರ ಹೆಸರಿತ್ತಂತೆ. ಪ್ರತಿ ಹೆಸರಿನ ಮುಂದೆ ಇಂಗ್ಲಿಷಿನ ಒಂದು ಅಕ್ಷರ, ಕೆ ಇಲ್ಲವೇ ಡಿ. "ನಿನ್ನ ಹೆಸರಿನ ಮುಂದ ಡಿ ಐತಿ. ಅಕ್ಕಾರ ಮುಂದ ಕೆ ಬರದಾರ" ಎಂದ.

ಬೇರೆ ಊರಾಗಿದ್ದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರೇನೋ. ನಮಗೆ ಅದರ ಅಗತ್ಯವೇ ಬೀಳಲಿಲ್ಲ. ಕೆ ಅಂದರೆ ಕಡ್ಡಿ, ಡಿ ಅಂದರೆ ಡಬ್ಬಿ. ಕಂಪನಿ ನಮ್ಮನ್ನೂ ಗ್ರೇಡ್ ಮಾಡಿದೆ, ಡಬ್ಬಿ ಉಳಿಯುತ್ತದೆ, ಕಡ್ಡಿ ಹೋಗುತ್ತದೆ. ಒಂದು ಹಗಲಿನೊಳಗೆ ಇಡೀ ಕಾರ್ಖಾನೆ ಎರಡಾಯಿತು. ಪ್ಯಾಕಿಂಗಿನ ಡಿ ಮಂದಿ ಗಿರ್ಮಿಟ್, ಮಿರ್ಚಿ ತರಿಸಿ ತಿಂದರು. ಹತ್ತು ವರ್ಷ ಒಂದೇ ಗಂಗಾಳದಲ್ಲಿ ಕೈ ಹಾಕಿ ಉಂಡವರು ಊಟಕ್ಕೆ ಬೇರೆ ಬೇರೆ ಕೂತರು. "ಏ ಕಡ್ಡಿ, ಒಂಚೂರು ಸರಿಯೋ" ಎಂದು ಒಬ್ಬ ಚೇಷ್ಟೆ ಮಾಡಿದ್ದಕ್ಕೆ ಇನ್ನೊಬ್ಬ ಅವನ ಕೊರಳಪಟ್ಟಿಗೆ ಕೈ ಹಾಕಿದ.

ನಾನೂ ಸಣ್ಣಗೆ ಹಿಗ್ಗಿದ್ದೆ. ಸುಳ್ಳು ಯಾಕೆ ಹೇಳಲಿ. ರೆಡಿಮೇಡ್ ಬಟ್ಟೆ ಬಂದಮೇಲೆ ನನ್ನ ಗಂಡನ ಹೊಲಿಗೆ ಮಷಿನ್ನಿನ ಮೇಲೆ ಧೂಳು ಕೂತಿದೆ. ಮಗಳು ಪಿಯುಸಿ. ಮನೆಗೆ ತಿಂಗಳ ಸಂಬಳ ಅಂತ ಬರುವುದು ನನ್ನದೊಂದೇ. ಅಕ್ಕಾರ ಮಗ ಸ್ವಂತ ಟೆಂಪೊ ಓಡಿಸುತ್ತಾನೆ, ಅವರಿಗೇನು ಕೊರತೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕಾರು ಮಾತ್ರ ಅಂದಿನಿಂದ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂರತೊಡಗಿದರು. ಒಮ್ಮೆ ಮಾತ್ರ, "ಕೈ ಹಿಡದು ಕಲಿಸಿದಾಕಿ ಕಡ್ಡಿ, ಕಲತಾಕಿ ಡಬ್ಬಿ. ಭೇಷ್" ಎಂದರು. ನನಗೆ ಸಿಟ್ಟು ಬಂತು. ಪಟ್ಟಿ ನಾನು ಬರೆದಿದ್ದೆನೇ?

ಆ ವಾರ ಗುರುವಾರ ಸ್ಯಾಂಪಲ್ ಕಾಗದಗಳನ್ನು ಕೊಟ್ಟು ಬರಲು ಹಾವೇರಿಯಲ್ಲಿರುವ ಕಂಪನಿಯ ಆಫೀಸಿಗೆ ನನ್ನನ್ನು ಕಳಿಸಿದರು. ಅಲ್ಲಿಯ ಗುಮಾಸ್ತೆ ಕರ್ಜಗಿಯಿಂದ ಸ್ಕೂಟಿಯಲ್ಲಿ ಬರುವ ಹುಡುಗಿ, ಮುಖಪರಿಚಯವಿತ್ತು. ಹಾಳಾದ ನನ್ನ ಬಾಯಿ ಸುಮ್ಮನಿರಬೇಕಲ್ಲ, "ನಂದು ಡಿ ಬಂದೈತಂತ, ಗೊತ್ತಾತು" ಎಂದು ನಗುತ್ತ ಹೇಳಿದೆ. ಅವಳು ನಗಲಿಲ್ಲ.

"ಅಕ್ಕಾ, ಡಿ ಅಂದ್ರ ಏನ್ ತಿಳ್ಕೊಂಡೀರಿ?"

"ಡಬ್ಬಿ ಅಲ್ಲೇನು?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ರೀ ಅಕ್ಕಾ. ಕೆ ಅಂದ್ರ ಕೀಪ್, ಇಟ್ಕೊಳ್ಳೋರು. ಡಿ ಅಂದ್ರ ಡ್ರಾಪ್, ತಗಿಯೋರು. ಸ್ಯಾಂಪಲ್ ರೂಮಿಗೆ ಒಬ್ರ ಸಾಕು ಅಂದಾರ. ಸೋಮವಾರ ಕಾಗದಾ ಕೊಡ್ತಾರ. ನಾ ಹೇಳೀನಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ನಾನು ಹಾವೇರಿ ಸ್ಟ್ಯಾಂಡಿಗೆ ನಡೆದು ಬಂದು ಬೆಂಚಿನ ಮೇಲೆ ಕೂತೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನನಗೆ ಆಗ ಅಕ್ಕಾರ ನೆನಪು ಬರಲೇ ಇಲ್ಲ. ಮಷಿನ್ನಿನ ಮೇಲಿನ ಧೂಳು ನೆನಪಾಯಿತು.

ಮರುದಿನ, ಶುಕ್ರವಾರ, ಮಧ್ಯಾಹ್ನದ ಊಟವಾದಮೇಲೆ ಅಕ್ಕಾರು ರೂಮಿನ ಬಾಗಿಲು ಮುಂದೆ ಮಾಡಿ ಕುಪ್ಪಸದೊಳಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು.

"ತಂಗಿ, ಇದನ್ನೊಂದು ಓದಿ ನೋಡು. ನಾ ಏಳನೆತ್ತೆ ಕಲತಾಕಿ, ಒತ್ತು ದೀರ್ಘ ತಪ್ಪಿರ್ತಾವು."

ರಾಜೀನಾಮೆ.

"ಯಾಕ್ರೀ ಅಕ್ಕಾರ?" ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು.

"ಇಪ್ಪತ್ತೆರಡು ವರ್ಷ ಮಂದಿ ಮಾಲಿಗೆ ಇದು ಬ್ಯಾಡ ಒಯ್ಯಿರಿ ಅಂತ ಹೇಳೀನಿ. ನನಗ ಅದನ್ನ ಹೇಳಿಸ್ಕೊಳ್ಳಾಕ ಆಗೂದಿಲ್ಲವ್ವಾ. ಅವರು ಅನ್ನೂದಕ್ಕಿಂತ ಮೊದಲ ನಾನ ಎದ್ದು ಹೋಗ್ತೇನಿ. ನೀ ಇರು. ರೂಮು ನೋಡ್ಕೋ."

ಬಾಯಿ ಬಿಡಲು ಅದೇ ಸರಿಯಾದ ಹೊತ್ತಾಗಿತ್ತು. ಒಂದು ಮಾತು ಸಾಕಿತ್ತು, ಕೆ ಅಂದರೆ ಕಡ್ಡಿ ಅಲ್ಲರೀ ಎಂದು. ನಾನು ಪೆನ್ನು ತೆಗೆದುಕೊಂಡೆ. "ರಾಜಿನಾಮೆ" ಎಂದಿದ್ದುದಕ್ಕೆ ದೀರ್ಘ ಹಾಕಿದೆ. "ಕಾರ್ಕಾನೆ"ಯನ್ನು ತಿದ್ದಿದೆ. ಮೂರನೆಯ ಸಾಲಿನಲ್ಲಿ ಅವರು, "ಪಟ್ಟಿಯಲ್ಲಿ ನನ್ನ ಹೆಸರ ಮುಂದೆ ಕೆ ಅಂತ ಬರೆದಿದ್ದು ಗೊತ್ತಾಗಿ, ನೀವು ತೆಗೆಯುವ ಮೊದಲು ನಾನೇ ಬಿಡುತ್ತಿದ್ದೇನೆ" ಎಂದು ಬರೆದಿದ್ದರು. ಸಾಹೇಬರು ಆ ಸಾಲು ಓದಿದರೆ ನಕ್ಕು, ಕೂಡಿಸಿ, ಅರ್ಥ ಹೇಳಿ ಕಳಿಸುತ್ತಾರೆ. ನಾನು ಆ ಸಾಲಿನ ಮೇಲೆ ಗೆರೆ ಎಳೆದೆ.

"ಇದು ಒರಟ ಕಾಣ್ತದ್ರಿ ಅಕ್ಕಾರ. ಸ್ವಇಚ್ಛೆಯಿಂದ ಅಂತ ಬರದ್ರ ಮರ್ಯಾದಿ."

"ಹಂಗ ಮಾಡವ್ವಾ. ಓದಿದಾಕಿ ನೀನು" ಎಂದರು. ನಾನೇ ಬೇರೆ ಹಾಳೆಯಲ್ಲಿ ಚೊಕ್ಕಾಗಿ ಬರೆದುಕೊಟ್ಟೆ. ಅವರು ಸಹಿ ಮಾಡಿ, ಕೊಟ್ಟು, ಸಂಜೆ ತಮ್ಮ ನೀರಿನ ಬಾಟಲಿ ತೆಗೆದುಕೊಂಡು ಹೋದರು.

ಸೋಮವಾರ ಉಳಿದ ಡಿ ಮಂದಿಗೆಲ್ಲ ಕಾಗದ ಸಿಕ್ಕಿತು. ಗಿರ್ಮಿಟ್ ತಿಂದವರು ಅಂಗಳದಲ್ಲಿ ನಿಂತು ಅತ್ತರು, ಬೈದರು. ಒಬ್ಬ ಚಹಾದ ಕಾಕಾನನ್ನು ಹೊಡೆಯಲು ಹೋದ. ಆದರೂ ಕಂಪನಿ ಅವರ ಕೈಗೆ ಒಂದಿಷ್ಟು ಪರಿಹಾರ ಕೊಟ್ಟು ಕಳಿಸಿತು. ತಾವಾಗಿ ಬಿಟ್ಟವರಿಗೆ ಅದೂ ಇಲ್ಲ. ನನ್ನನ್ನು ಕರೆದ ಸಾಹೇಬರು, "ಅವರು ಸ್ವಂತ ಇಚ್ಛೆಯಿಂದ ಹೋಗಿಬಿಟ್ಟರಲ್ಲ, ನಾವು ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೇ ಅವರನ್ನು. ಇರಲಿ, ನೀವು ಮುಂದುವರಿಸಿ" ಎಂದು ಪಟ್ಟಿಯಲ್ಲಿ ನನ್ನ ಡಿ ಹೊಡೆದುಹಾಕಿ ಕೆ ಬರೆದರು. ನಾನು ಥ್ಯಾಂಕ್ಸ್ ಹೇಳಿದೆ.

ಈಗ ಅಕ್ಕಾರು ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ದಿನಗೂಲಿಗೆ ಕಾಯಿ ಆರಿಸುತ್ತಾರೆ. ಕೆಲಸವಿದ್ದ ದಿನ ಅದೇ ಬಸ್ಸಿಗೆ ಬರುತ್ತಾರೆ. ನಾನು ದಿನವೂ ಬುತ್ತಿಚೀಲ ಇಟ್ಟು ಜಾಗ ಹಿಡಿದೇ ಇರುತ್ತಿದ್ದೆ. ಅವರು ಬಂದು ಕೂರುತ್ತಿದ್ದರು. ಮಗಳ ಓದು, ಮಳೆ, ಈ ಸಲದ ಕಾಯಿಯ ಬಣ್ಣ, ಎಲ್ಲ ಮಾತಾಡುತ್ತಿದ್ದೆವು. ಕೆ ಎಂದರೆ ಏನೆಂದು ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು, ಅವರಿಗೂ. ಆ ಮಾತನ್ನು ಅವರು ಒಮ್ಮೆಯೂ ತೆಗೆದಿರಲಿಲ್ಲ. ಹಾವೇರಿಯ ಗುಮಾಸ್ತೆಯೂ ಬಾಯಿ ಬಿಟ್ಟವಳಲ್ಲ. ದಕ್ಕಿತು ಎಂದುಕೊಂಡೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕಾರು ಮಡಿಲಲ್ಲಿ ಕೈ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೇಳಿದರು:

"ತಂಗಿ, ಆವತ್ತ ಆ ಒಂದು ಸಾಲು ನೀ ಯಾಕ ಹೊಡದ್ಯವ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಸೆರಗಿಗೆ ಹೋಗಿತ್ತು.

"ಒರಟ ಕಾಣ್ತಿತ್ರಿ ಅಕ್ಕಾರ."

ಅವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಹಿಡಿಯಲ್ಲಿ ಕಾಯಿ ಹಿಡಿದಾಗ ನೋಡುತ್ತಿದ್ದುದೂ ಹೀಗೆಯೇ.

"ಹೌದಲ್ಲ. ಒರಟ ಕಾಣ್ತಿತ್ತು" ಎಂದರು.

ಬ್ಯಾಡಗಿ ಬಂತು. ಅವರು ಎದ್ದು, ನನ್ನ ಕಾಲ ಹತ್ತಿರವಿದ್ದ ಬುತ್ತಿಚೀಲವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು.

"ನಾಳಿಂದ ನನಗ ಜಾಗಾ ಹಿಡೀಬ್ಯಾಡವ್ವಾ" ಎಂದು ಹೇಳಿ ಇಳಿದು ಹೋದರು.